ಬರಿಯ ಹೆಸರಿಗೆ ಕೈಹಾಕುವ ಮುನ್ನ

ಪುಟ್ಟೀ,

ಅಡಿಕೆ ಬೆಳೆಗಾರರ ಸಂಘದ ವೆಬ್‌ಸೈಟನ್ನು ಹಳೆಯ ಹೋಸ್ಟಿಂಗ್‌ನಿಂದ ಕ್ಲೌಡ್‌ಗೆ ಸಾಗಿಸುವ ಕೆಲಸ ನಿನ್ನ ಕೈಗೆ ಬಂದಿದೆ ಎಂದು ನಿನ್ನಪ್ಪ ಹೇಳಿದ. ಸೈಟು ಕಟ್ಟುವುದರಲ್ಲಿ ನಿನಗೆ ನಾನು ಹೇಳಿಕೊಡುವುದು ಏನೂ ಇಲ್ಲ. ನಾನು ಹೇಳಬೇಕೆಂದಿರುವುದು ಎಲ್ಲ ಮುಗಿದ ಮೇಲೆ ಬರುವ ಆ ಚಿಕ್ಕ ಕೆಲಸದ ಬಗ್ಗೆ. ಡಿಎನ್‌ಎಸ್ ಪ್ಯಾನೆಲ್ ತೆರೆದು ಸಂಘದ ಹೆಸರನ್ನು ಹೊಸ ಜಾಗಕ್ಕೆ ತಿರುಗಿಸಬೇಕಲ್ಲ, ಅದು. ಇಷ್ಟು ವರ್ಷ ಸರ್ವರ್‌ಗಳ ನಡುವೆ ಕಳೆದ ನಾನು ಕಂಡಂತೆ, ತಿಂಗಳುಗಟ್ಟಲೆ ಜತನದಿಂದ ಕಟ್ಟಿದವರು ಕೂಡ ಈ ಘಟ್ಟವನ್ನು ಅವಸರದಲ್ಲಿ ಮುಗಿಸುತ್ತಾರೆ. ಸೈಟು ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಮಾರನೆಯ ದಿನ ಕಾರ್ಯದರ್ಶಿಯವರು ಫೋನ್ ಮಾಡಿ, ನಿನ್ನೆಯಿಂದ ಒಂದು ಮೇಲೂ ಬಂದಿಲ್ಲ ಎನ್ನುತ್ತಾರೆ.

ನಿನಗೆ ಎದುರಾಗುವ ಮೊದಲ ತೊಡಕು ಹೀಗಿರುತ್ತದೆ. ಹೆಸರಿನ ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇದ್ದರೆ ಕೆಲಸ ಸಲೀಸು. ಕ್ಲೌಡ್ ಕಂಪನಿ ಉದ್ದನೆಯ ಒಂದು ಹೆಸರು ಕೊಡುತ್ತದೆ, ನೀನು ಅದನ್ನು ಸಿನೇಮ್ ರೆಕಾರ್ಡ್ ಆಗಿ ಹಾಕುತ್ತೀಯ, ಮುಗಿಯಿತು. ಡಬ್ಲ್ಯು ಇಲ್ಲದ ಬರಿಯ ಹೆಸರಿಗೆ, ಅಂದರೆ ರೂಟ್ ಡೊಮೇನ್‌ಗೆ, ಅದನ್ನೇ ಹಾಕಹೋದರೆ ಪ್ಯಾನೆಲ್ ಒಪ್ಪುವುದಿಲ್ಲ. ಕೆಲವು ಪ್ಯಾನೆಲ್‌ಗಳು ಒಪ್ಪಿಬಿಡುತ್ತವೆ. ಅದು ಇನ್ನೂ ಕೆಟ್ಟದ್ದು. ಪ್ಯಾನೆಲ್ ಒಪ್ಪಿತೆಂದು ಖುಷಿಪಡಬೇಡ. ಯಾಕೆ ಒಪ್ಪಬಾರದು ಎನ್ನುವುದನ್ನು ತಿಳಿದುಕೋ.

ಒಂದು ಕಾಲದಲ್ಲಿ ಇಡೀ ಜಾಲದ ಯಂತ್ರಗಳ ಹೆಸರು, ವಿಳಾಸಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಅದು ಸಾಗದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಆ ಒಂದು ಕಡತದ ಹೊರೆಯನ್ನು ಹೆಸರುಗಳ ಒಡೆಯರಿಗೇ ಹಂಚುವ ವ್ಯವಸ್ಥೆಯನ್ನು, ಅಂದರೆ ಡಿಎನ್‌ಎಸ್ ಅನ್ನು, ರೂಪಿಸಿದರು. ನಿನ್ನ ಹೆಸರಿನ ಬಗ್ಗೆ ಉತ್ತರ ಕೊಡುವ ಹೊಣೆ ನಿನ್ನದು, ಅದಕ್ಕೊಂದು ನೇಮ್‌ಸರ್ವರ್ ಇಟ್ಟುಕೋ ಎಂಬುದು ಅದರ ತಿರುಳು. ನಾಲ್ಕು ವರ್ಷದ ಮೇಲೆ, 1987ರಲ್ಲಿ, ಆರ್‌ಎಫ್‌ಸಿ 1034 ಮತ್ತು 1035 ಎಂಬ ದಸ್ತಾವೇಜುಗಳಲ್ಲಿ ಅದು ಪಕ್ಕಾ ಆಯಿತು. ನೀನು ಇವತ್ತು ತೆರೆಯುವ ಯಾವ ಪ್ಯಾನೆಲ್ ಆದರೂ ಒಳಗೆ ನಡೆಯುವುದು ಆ ನಿಯಮಗಳ ಮೇಲೆಯೇ.

ಸಿನೇಮ್ ಬಗ್ಗೆ ಅಲ್ಲಿರುವ ಮುಖ್ಯ ನಿಯಮ ಒಂದು. ಯಾವ ಹೆಸರಿಗೆ ಸಿನೇಮ್ ಇದೆಯೋ ಆ ಹೆಸರಿಗೆ ಬೇರೆ ಯಾವ ರೆಕಾರ್ಡೂ ಇರಬಾರದು. ಮನೆ ಖಾಲಿ ಮಾಡಿದವರು ಬಾಗಿಲಿಗೆ ಬೋರ್ಡು ಹಾಕುತ್ತಾರಲ್ಲ, ಏನೇ ಇದ್ದರೂ ಇಂಥ ವಿಳಾಸದಲ್ಲಿ ಕೇಳಿ ಎಂದು, ಸಿನೇಮ್ ಅಂಥದ್ದು. ನೋಡಲು ಬಂದವರನ್ನೂ ಅತ್ತ ಕಳಿಸುತ್ತದೆ, ಟಪಾಲನ್ನೂ ಅತ್ತಲೇ ಕಳಿಸುತ್ತದೆ. ಆದರೆ ಬರಿಯ ಹೆಸರು ಎಂದಿಗೂ ಖಾಲಿಯಾಗಿರಲು ಸಾಧ್ಯವಿಲ್ಲ. ಈ ವಲಯದ, ಅಂದರೆ ಈ ಹೆಸರಿನಡಿಯ ಎಲ್ಲ ರೆಕಾರ್ಡುಗಳ, ಆಡಳಿತ ಯಾರದ್ದು ಎಂದು ಹೇಳುವ ಎಸ್‌ಒಎ ರೆಕಾರ್ಡ್, ಯಾವ ನೇಮ್‌ಸರ್ವರ್‌ಗಳನ್ನು ಕೇಳಬೇಕು ಎಂದು ಹೇಳುವ ಎನ್‌ಎಸ್ ರೆಕಾರ್ಡ್, ಇವೆರಡೂ ಅಲ್ಲಿ ಇರಲೇಬೇಕು. ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್, ಈ ಹೆಸರಿನಲ್ಲಿ ಮೇಲ್ ಕಳಿಸಲು ಯಾರಿಗೆ ಅಧಿಕಾರ ಇದೆ ಎಂದು ಹೇಳುವ ಟಿಎಕ್ಸ್‌ಟಿ, ಇವೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಅದರ ಮೇಲೆ ಸಿನೇಮ್ ಕೂರಿಸಿದರೆ, ಕೇಳಿದ ಕಂಪ್ಯೂಟರು ಎಂಎಕ್ಸ್ ಬಿಟ್ಟು ಬೋರ್ಡಿನ ಮಾತು ಕೇಳಬಹುದು. ಆಗ ಸಂಘದ ಮೇಲ್ ಹೋಗಿ ಕ್ಲೌಡ್ ಕಂಪನಿಯ ಬಾಗಿಲು ತಟ್ಟುತ್ತದೆ. ಅಲ್ಲಿ ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ. ಕೆಲವರ ಮೇಲ್ ಬರುತ್ತದೆ, ಕೆಲವರದ್ದು ಬರುವುದಿಲ್ಲ. ಪೂರ್ತಿ ನಿಂತರೆ ಕೂಡಲೇ ಗೊತ್ತಾಗುತ್ತದೆ, ಹೀಗೆ ಅರ್ಧಂಬರ್ಧ ಆದದ್ದು ವಾರಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಹಾಗಾದರೆ ಐಪಿ ಸಂಖ್ಯೆಯನ್ನೇ ಎ ರೆಕಾರ್ಡ್ ಆಗಿ ಹಾಕಿದರಾಯಿತಲ್ಲ ಎನ್ನುತ್ತೀಯ. ಕೊಡುವವರು ಸ್ಥಿರವಾದ ಸಂಖ್ಯೆ ಕೊಟ್ಟರೆ ಧಾರಾಳವಾಗಿ ಹಾಕು. ಗಿಟ್‌ಹಬ್ ಪೇಜಸ್‌ನವರು 185.199.108.153ರಿಂದ 185.199.111.153ರವರೆಗೆ ನಾಲ್ಕು ವಿಳಾಸಗಳನ್ನು ಬಹಿರಂಗವಾಗಿ ಪ್ರಕಟಿಸಿದ್ದಾರೆ. ಬರೀ ಮಾಹಿತಿ ತೋರಿಸುವ ಸೈಟಾದರೆ ಅಷ್ಟು ಸಾಕು. ತೊಂದರೆ ಇರುವುದು ಸಂಖ್ಯೆ ಕೊಡದ ಕಡೆ. ಕ್ಲೌಡ್‌ನಲ್ಲಿ ನಿನ್ನ ಸೈಟಿನ ಮುಂದೆ ಲೋಡ್ ಬ್ಯಾಲೆನ್ಸರ್ ನಿಂತಿರುತ್ತದೆ. ಜನ ಹೆಚ್ಚಾದರೆ ಆ ಬ್ಯಾಲೆನ್ಸರ್ ನಡೆಸುವ ಯಂತ್ರಗಳೇ ಹೆಚ್ಚುತ್ತವೆ, ಕೆಟ್ಟರೆ ಬದಲಾಗುತ್ತವೆ, ಅದರೊಂದಿಗೆ ಸಂಖ್ಯೆಗಳೂ ಬದಲಾಗುತ್ತವೆ. ಹಾಗಾಗಿಯೇ ಅವರು ಹೆಸರು ಕೊಡುತ್ತಾರೆ, ಸಂಖ್ಯೆ ಕೊಡುವುದಿಲ್ಲ. ಆ ಹೆಸರು ಈ ಹೊತ್ತಿಗೆ ಯಾವ ಸಂಖ್ಯೆ ತೋರಿಸುತ್ತಿದೆ ಎಂದು ಹುಡುಕಿ ಅದನ್ನೇ ಎ ರೆಕಾರ್ಡ್‌ಗೆ ಬರೆದುಬಿಡುವ ಆಸೆ ನಿನಗೂ ಆಗುತ್ತದೆ, ಯಾಕೆಂದರೆ ಇವತ್ತಿಗೆ ಅದು ಕೆಲಸ ಮಾಡುತ್ತದೆ. ಖಂಡಿತ ಹಾಗೆ ಮಾಡಬೇಡ. ಅಧಿಕೃತವಾಗಿ ಕೊಟ್ಟ ಸಂಖ್ಯೆಗೂ ಆಯುಷ್ಯ ಇರುತ್ತದೆ. ಹೆರೋಕು ಕಂಪನಿ ತನ್ನ ಹಳೆಯ ವ್ಯವಸ್ಥೆಯಲ್ಲಿ ಬರಿಯ ಹೆಸರಿಗಾಗಿ ಸ್ಥಿರ ಸಂಖ್ಯೆಗಳನ್ನು ಕೊಟ್ಟಿತ್ತು. 2015ರಲ್ಲಿ ಆ ವ್ಯವಸ್ಥೆಯನ್ನೇ ನಿಲ್ಲಿಸಿತು. ಅಮೆಜಾನ್‌ನಲ್ಲಿ ಒಂದು ಸರ್ವರ್ ತೆಗೆದುಕೊಂಡರೆ, ಅದನ್ನು ನಿಲ್ಲಿಸಿ ಮತ್ತೆ ಶುರುಮಾಡಿದಾಗ ಐಪಿ ಬೇರೆಯೇ ಬರುತ್ತದೆ. ಅದೇ ಸಂಖ್ಯೆ ಉಳಿಯಬೇಕೆಂದರೆ ಎಲಾಸ್ಟಿಕ್ ಐಪಿ ತೆಗೆದುಕೊಳ್ಳಬೇಕು. 2024ರ ಫೆಬ್ರವರಿಯಿಂದ ಸಾರ್ವಜನಿಕ ಐಪಿವಿ4 ವಿಳಾಸ ಯಾವುದೇ ಆಗಲಿ, ಗಂಟೆಗೆ 0.005 ಡಾಲರ್ ಲೆಕ್ಕ ಹಾಕುತ್ತಾರೆ. ತಿಂಗಳಿಗೆ ಸುಮಾರು ಮೂರೂವರೆ ಡಾಲರ್. ಸಂಘದ ಖರ್ಚಿನ ಪಟ್ಟಿಯಲ್ಲಿ ಅದನ್ನು ಮೊದಲೇ ಬರೆದು ತೋರಿಸು.

ಈ ತೊಡಕಿಗೆ ದಾರಿ ಹುಡುಕಿದವರು ಡಿಎನ್‌ಎಸ್ ನಡೆಸುವವರೇ. ಹೊರಗಿನವರು ಕೇಳಿದಾಗ ನೇಮ್‌ಸರ್ವರ್ ತಾನೇ ಆ ಉದ್ದನೆಯ ಹೆಸರಿನ ಬೆನ್ನು ಹತ್ತಿ, ಸಂಖ್ಯೆ ಹುಡುಕಿ, ಅದನ್ನು ಎ ರೆಕಾರ್ಡ್ ಎಂಬಂತೆ ಉತ್ತರ ಕೊಡುತ್ತದೆ. ಕೇಳಿದವರಿಗೆ ಸಿನೇಮ್ ಕಾಣುವುದೇ ಇಲ್ಲ, ನಿಯಮವೂ ಮುರಿಯುವುದಿಲ್ಲ. ಅಮೆಜಾನ್‌ನ ರೂಟ್ 53ರಲ್ಲಿ ಇದಕ್ಕೆ ಅಲಿಯಾಸ್ ಎನ್ನುತ್ತಾರೆ, ಲೋಡ್ ಬ್ಯಾಲೆನ್ಸರ್‌ಗೆ ಹೀಗೆ ಬರಿಯ ಹೆಸರು ಕಟ್ಟುವ ಸೌಲಭ್ಯ ಅಲ್ಲಿ 2011ರಲ್ಲಿ ಬಂತು. ಕ್ಲೌಡ್‌ಫ್ಲೇರ್‌ನವರು 2014ರಲ್ಲಿ ಸಿನೇಮ್ ಫ್ಲ್ಯಾಟನಿಂಗ್ ಎಂಬ ಹೆಸರಿನಲ್ಲಿ ತಂದರು. ಬೇರೆ ಕಡೆ ಎನೇಮ್ ಎಂದೂ ಕರೆಯುತ್ತಾರೆ. ಇದಕ್ಕಾಗಿಯೇ ಒಂದು ಸರಿಯಾದ ರೆಕಾರ್ಡ್ ಮಾದರಿ 2023ರಲ್ಲಿ ಆರ್‌ಎಫ್‌ಸಿ 9460 ಆಗಿ ಬಂದಿದೆ, ಆದರೆ ಸದ್ಯಕ್ಕೆ ಅದನ್ನೊಂದನ್ನೇ ನಂಬಿ ಕೂರಬೇಡ. ಇನ್ನೊಂದು ದಾರಿ, ಬರಿಯ ಹೆಸರಿಗೆ ಬಂದವರನ್ನು ಡಬ್ಲ್ಯು ಇರುವ ಹೆಸರಿಗೆ ದಾಟಿಸುವುದು. ಹೆಸರು ಮಾರುವ ಕಂಪನಿಗಳು, ಅಂದರೆ ರಿಜಿಸ್ಟ್ರಾರ್‌ಗಳು, ಇದನ್ನು ಫಾರ್ವರ್ಡಿಂಗ್ ಎಂದು ಬಿಟ್ಟಿಯಾಗಿ ಕೊಡುತ್ತವೆ. ಅವುಗಳಲ್ಲಿ ಹಲವು ಎಚ್‌ಟಿಟಿಪಿಎಸ್ ಬೇಡಿಕೆಗೆ ಸರ್ಟಿಫಿಕೇಟ್ ತೋರಿಸಲಾರವು. ಈಗಿನ ಬ್ರೌಸರು ಮೊದಲು ಕೇಳುವುದೇ ಅದನ್ನು. ಸೈಟು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ನೋಡಿದ ಬೆಳೆಗಾರ ಮುಂದೆ ಹೆಜ್ಜೆ ಇಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಅಲಿಯಾಸ್ ಇರುವ ಕಡೆಯೇ ಹೋಗು.

ಆದರೆ ಅಲಿಯಾಸ್ ಬೇಕೆಂದರೆ ನೇಮ್‌ಸರ್ವರ್ ಬದಲಾಯಿಸಬೇಕಾಗಬಹುದು. ನಾನು ಈ ಕಾಗದ ಬರೆಯಲು ಮುಖ್ಯ ಕಾರಣವೇ ಅದು. ಒಂದು ರೆಕಾರ್ಡ್ ತಿದ್ದಿದರೆ ಆ ಒಂದು ವಿಷಯ ಬದಲಾಗುತ್ತದೆ. ನೇಮ್‌ಸರ್ವರ್ ಬದಲಾಯಿಸಿದರೆ ರೆಕಾರ್ಡುಗಳನ್ನೆಲ್ಲ ಬರೆದಿಟ್ಟ ಇಡೀ ಪುಸ್ತಕವೇ ಬದಲಾಗುತ್ತದೆ. ಹೊಸ ಪುಸ್ತಕದಲ್ಲಿ ನೀನು ಬರೆಯದ ಯಾವುದೂ ಅಲ್ಲಿ ಇರುವುದಿಲ್ಲ.

ಹಳೆಯ ಪುಸ್ತಕದಲ್ಲಿ ಏನಿದೆ ಎಂದು ಹೊರಗಿನಿಂದ ಪೂರ್ತಿ ತಿಳಿಯಲಾಗದು. ಡಿಎನ್‌ಎಸ್‌ನಲ್ಲಿ ಹೆಸರು ಹಿಡಿದು ಕೇಳಿದರೆ ಉತ್ತರ ಸಿಗುತ್ತದೆ. ಎಲ್ಲ ಕೊಡು ಎಂದರೆ ಈಗ ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ಹೊಸ ಕಂಪನಿಯ ಪ್ಯಾನೆಲ್ ತಾನೇ ಹುಡುಕಿ ತುಂಬಿಕೊಡುತ್ತೇನೆ ಎನ್ನುತ್ತದೆ. ಅದು ಮಾಮೂಲಿ ಹೆಸರುಗಳನ್ನು ಊಹಿಸಿ ಕೇಳುತ್ತದೆ, ಅಷ್ಟೇ. ಮೇಲ್‌ಗೆ ಸಹಿ ಹಾಕುವ ಡಿಕೆಐಎಂ ಕೀಲಿ ಯಾವ ಹೆಸರಿನಡಿ ಕೂತಿದೆ ಎಂದು ಅದಕ್ಕೆ ಗೊತ್ತಾಗುವುದು ಕಷ್ಟ. ಆದ್ದರಿಂದ ಹಳೆಯ ಹೋಸ್ಟಿಂಗ್‌ನ ಪ್ಯಾನೆಲ್‌ಗೇ ಹೋಗಿ, ಇಡೀ ವಲಯದ ಕಡತವನ್ನು ಎಕ್ಸ್‌ಪೋರ್ಟ್ ಮಾಡಿಕೋ. ಆ ಸೌಲಭ್ಯ ಇಲ್ಲದಿದ್ದರೆ ಸಾಲು ಸಾಲಾಗಿ ನಕಲು ಮಾಡಿಕೋ. ಆಮೇಲೆ ಒಂದೊಂದು ಸಾಲಿನ ಮುಂದೆಯೂ ಇದು ಯಾರಿಗಾಗಿ ಇದೆ ಎಂದು ಬರೆ. ಗೊತ್ತಾಗದ ಸಾಲು ಇದ್ದರೆ ಕಾರ್ಯದರ್ಶಿಯವರನ್ನು ಕೇಳು, ಲೆಕ್ಕ ನೋಡಿಕೊಳ್ಳುವವರನ್ನು ಕೇಳು. ಗೊತ್ತಾಗಲಿಲ್ಲ ಎಂದು ಅಳಿಸಬೇಡ.

ಹಾಗೆ ಓದುವಾಗ ಎಂಎಕ್ಸ್ ಸಾಲಿನ ಮೇಲೆ ಕಣ್ಣು ನಿಲ್ಲಿಸು. ಸಂಘದಂಥ ಕಡೆ ಮೇಲ್ ಕೂಡ ಹಳೆಯ ಹೋಸ್ಟಿಂಗ್‌ನಲ್ಲಿಯೇ ಇರುತ್ತದೆ. ಸಿಪ್ಯಾನೆಲ್ ಇರುವ ಹೋಸ್ಟಿಂಗ್‌ಗಳಲ್ಲಿ ಎಂಎಕ್ಸ್ ಮಾಮೂಲಾಗಿ ತೋರಿಸುವುದು ಬರಿಯ ಹೆಸರನ್ನೇ. ಅಂದರೆ ಸಂಘದ ಮೇಲ್ ಸಂಘದ ಹೆಸರಿರುವ ಯಂತ್ರಕ್ಕೆ ಹೋಗಲಿ ಎಂದು. ಇಲ್ಲಿಯವರೆಗೆ ಎರಡೂ ಒಂದೇ ಯಂತ್ರವಾದ್ದರಿಂದ ಏನೂ ತೊಂದರೆ ಇರಲಿಲ್ಲ. ನೀನು ಬರಿಯ ಹೆಸರನ್ನು ಕ್ಲೌಡ್‌ಗೆ ತಿರುಗಿಸಿದ ಕ್ಷಣ, ಎಂಎಕ್ಸ್ ಅನ್ನು ಮುಟ್ಟದೆಯೇ, ಮೇಲ್ ಕೂಡ ಕ್ಲೌಡ್ ಕಡೆ ತಿರುಗುತ್ತದೆ. ಮೇಲ್ ಎಂಬ ಉಪಹೆಸರು ಇದೆಯಲ್ಲ ಎಂದು ನೆಮ್ಮದಿಯಾಗಬೇಡ. ಅದೂ ಹಲವು ಕಡೆ ಬರಿಯ ಹೆಸರಿಗೇ ಸಿನೇಮ್ ಆಗಿರುತ್ತದೆ, ಅದೂ ಹಿಂದೆಯೇ ಹೋಗುತ್ತದೆ. ಮೊದಲು ಆ ಉಪಹೆಸರಿಗೆ ಹಳೆಯ ಸರ್ವರಿನ ಐಪಿಯನ್ನು ಎ ರೆಕಾರ್ಡ್ ಆಗಿ ಕೊಡು. ಎಂಎಕ್ಸ್ ಆ ಉಪಹೆಸರನ್ನು ತೋರಿಸಲಿ. ಎಂಎಕ್ಸ್ ಸಿನೇಮ್ ಇರುವ ಹೆಸರನ್ನು ತೋರಿಸಕೂಡದು, ಅದೂ ನಿಯಮವೇ. ಒಂದೆರಡು ದಿನ ಮೇಲ್ ಹೋಗಿಬರುವುದನ್ನು ನೋಡಿ ಆಮೇಲೆ ಬರಿಯ ಹೆಸರಿಗೆ ಕೈಹಾಕು. ಟಿಎಕ್ಸ್‌ಟಿಯಲ್ಲಿರುವ ಎಸ್‌ಪಿಎಫ್ ಸಾಲನ್ನೂ ಓದು, ಯಾರು ಮೇಲ್ ಕಳಿಸಬಹುದು ಎಂದು ಹೇಳುವುದು ಅದೇ. ಅದರಲ್ಲಿ ಎ ಎಂಬ ಒಂಟಿ ಅಕ್ಷರ ಇದ್ದರೆ, ಈ ಹೆಸರು ತೋರಿಸುವ ವಿಳಾಸದಿಂದ ಬಂದ ಮೇಲ್ ನಮ್ಮದೇ ಎಂದು ಅರ್ಥ. ನಾಳೆ ಆ ವಿಳಾಸ ಕ್ಲೌಡ್‌ನಲ್ಲಿ ನೂರಾರು ಜನ ಹಂಚಿಕೊಂಡಿರುವ ವಿಳಾಸವಾಗಿರಬಹುದು. ಆಗ ಅಲ್ಲಿಂದ ಯಾರು ಕಳಿಸಿದರೂ ಸಂಘವೇ ಒಪ್ಪಿಗೆ ಕೊಟ್ಟಂತಾಗುತ್ತದೆ. ಆ ಅಕ್ಷರವನ್ನು ತೆಗೆದು, ಮೇಲ್ ಸರ್ವರಿನ ಸಂಖ್ಯೆಯನ್ನೇ ಬರೆ.

ವ್ಯಾಪಾರಿಯ ದರಪಟ್ಟಿ, ಬ್ಯಾಂಕಿನ ನೋಟಿಸು, ಲೆಕ್ಕಪರಿಶೋಧಕರ ಪ್ರಶ್ನೆ, ಸಾಲದ ಕಂತಿನ ಬಗ್ಗೆ ಬೆಳೆಗಾರನ ಮಗಳು ಕಳಿಸಿದ ಮನವಿ, ಎಲ್ಲ ಬರುವುದು ಆ ಮೇಲ್‌ಗೆ. ಸೈಟು ಒಂದು ದಿನ ತೆರೆಯದಿದ್ದರೆ ಜನ ನಾಳೆ ನೋಡುತ್ತಾರೆ. ಮೇಲ್ ಮರಳಿ ಹೋದರೆ ಕಳಿಸಿದವರಿಗೆ ಈ ಸಂಘ ಮುಚ್ಚಿಹೋಯಿತೇನೋ ಅನ್ನಿಸುತ್ತದೆ. ನೀನು ಕಾಪಾಡಬೇಕಾದದ್ದು ಮೊದಲು ಅದನ್ನು.

ಈಗ ಸಮಯದ ಮಾತು. ಪ್ರತಿ ರೆಕಾರ್ಡ್‌ಗೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ, ಸೆಕೆಂಡುಗಳಲ್ಲಿ. ಒಮ್ಮೆ ಕೇಳಿದವರು ಆ ಉತ್ತರವನ್ನು ಅಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು. 86400 ಎಂದಿದ್ದರೆ ಒಂದು ಇಡೀ ದಿನ. ಹಾಗಾಗಿ ಬದಲಾವಣೆಗೆ ಒಂದೆರಡು ದಿನ ಮುಂಚೆ ಅದನ್ನು 300ಕ್ಕೆ ಇಳಿಸು. ಹಳೆಯ ನೆನಪೆಲ್ಲ ಕರಗಲು ಬಿಡು, ಆಮೇಲೆ ಬದಲಾಯಿಸಿದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ, ತಪ್ಪಿದರೆ ಐದು ನಿಮಿಷದಲ್ಲಿ ಹಿಂದಕ್ಕೂ ಬರಬಹುದು. ನೇಮ್‌ಸರ್ವರ್ ಬದಲಾವಣೆಗೆ ಈ ಸೌಕರ್ಯ ಇಲ್ಲ. ಡಾಟ್ ಕಾಮ್ ವಲಯದಲ್ಲಿ ನಿನ್ನ ನೇಮ್‌ಸರ್ವರ್ ಯಾವುದು ಎಂದು ಹೇಳುವ ಸಾಲಿನ ಟಿಟಿಎಲ್ 172800, ಎರಡು ದಿನ, ಅದು ನಿನ್ನ ಕೈಯಲ್ಲಿಲ್ಲ. ಆ ಎರಡು ದಿನ ಹಳೆಯ ಪುಸ್ತಕವೂ ಹೊಸ ಪುಸ್ತಕವೂ ಒಂದೇ ಉತ್ತರ ಕೊಡುತ್ತಿರಬೇಕು. ಅಂದರೆ ಮೊದಲು ನೇಮ್‌ಸರ್ವರ್ ಬದಲಾಯಿಸು, ಸೈಟು ಹಳೆಯ ಕಡೆಯೇ ಇರಲಿ. ಅದು ನೆಲೆಗೊಂಡ ಮೇಲೆ ಸೈಟನ್ನು ತಿರುಗಿಸು. ಎರಡನ್ನೂ ಒಂದೇ ದಿನ ಮಾಡಬೇಡ. ಹೆಸರಿಗೆ ಡಿಎನ್‌ಎಸ್‌ಸೆಕ್ ಎಂಬ ಸಹಿ ವ್ಯವಸ್ಥೆ ಹಾಕಿದ್ದರೆ ರಿಜಿಸ್ಟ್ರಾರ್ ಕಡೆ ಇರುವ ಡಿಎಸ್ ರೆಕಾರ್ಡನ್ನು ಮೊದಲೇ ತೆಗೆಸಿ, ಅದೂ ಮರೆಯಾಗುವವರೆಗೆ ಕಾದು ಮುಂದುವರಿ. ಇಲ್ಲದಿದ್ದರೆ ಸಹಿ ಹೊಂದದೆ ಇಡೀ ಹೆಸರೇ ಅನೇಕರಿಗೆ ಕಾಣದಾಗುತ್ತದೆ.

ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿರುವುದಿಲ್ಲ. ಇಲ್ಲ ಎಂಬ ಉತ್ತರವನ್ನೂ ಜಾಲ ನೆನಪಿಟ್ಟುಕೊಳ್ಳುತ್ತದೆ. ರೆಕಾರ್ಡ್ ಬರೆಯುವ ಮೊದಲೇ ಬ್ರೌಸರ್ ತೆರೆದು ಬಂತಾ ಬಂತಾ ಎಂದು ನೋಡಿದರೆ, ಆ ಇಲ್ಲ ಎಂಬುದೇ ಎಸ್‌ಒಎಯಲ್ಲಿ ಬರೆದಿರುವಷ್ಟು ಹೊತ್ತು ನಿನ್ನೆದುರು ನಿಂತಿರುತ್ತದೆ. ಬರೆದ ಮೇಲೆಯೇ ನೋಡು. ನೋಡುವುದೂ ಬ್ರೌಸರಿನಲ್ಲಿ ಅಲ್ಲ. ಡಿಗ್ ಎಂಬ ಆದೇಶದಲ್ಲಿ ನೇರವಾಗಿ ನಿನ್ನ ನೇಮ್‌ಸರ್ವರನ್ನೇ ಹೆಸರಿಸಿ ಕೇಳು. ಅದು ಸರಿ ಹೇಳಿದರೆ ನಿನ್ನ ಕೆಲಸ ಸರಿಯಾಗಿದೆ, ಉಳಿದದ್ದು ಕಾಯುವ ಮಾತು. ಅದೇ ತಪ್ಪು ಹೇಳಿದರೆ ಎಷ್ಟು ಕಾದರೂ ಸರಿಯಾಗದು. ಪ್ಯಾನೆಲ್‌ನಲ್ಲಿ ತಿದ್ದಿದರೂ ಏನೂ ಬದಲಾಗುತ್ತಿಲ್ಲ ಎಂದರೆ ನೀನು ತಿದ್ದುತ್ತಿರುವುದು ಬೇರೆಯೇ ಪುಸ್ತಕವನ್ನು. ರಿಜಿಸ್ಟ್ರಾರ್ ಬಳಿ ಒಂದು ಪ್ಯಾನೆಲ್, ಹೋಸ್ಟಿಂಗ್‌ನವರ ಬಳಿ ಇನ್ನೊಂದು ಇರುತ್ತದೆ. ಎನ್‌ಎಸ್ ಯಾವುದನ್ನು ತೋರಿಸುತ್ತದೋ ಅದಷ್ಟೇ ಲೆಕ್ಕಕ್ಕೆ.

ಐಪಿವಿ6ಗೆ ಇರುವ ಎಎಎಎ ರೆಕಾರ್ಡ್ ಹಳೆಯದು ಉಳಿದುಬಿಟ್ಟಿದ್ದರೆ ನಿನ್ನ ಮನೆಯಲ್ಲಿ ಹೊಸ ಸೈಟು, ಪಕ್ಕದವರ ಮೊಬೈಲಿನಲ್ಲಿ ಹಳೆಯ ಸೈಟು ಕಾಣುತ್ತದೆ. ಹೊಸ ಸರ್ಟಿಫಿಕೇಟೂ ಸಿಗದೆ ಹೋಗಬಹುದು, ಯಾಕೆಂದರೆ ಲೆಟ್ಸ್ ಎನ್‌ಕ್ರಿಪ್ಟ್‌ನಂಥವರು ಪರೀಕ್ಷಿಸಲು ಬರುವಾಗ ಐಪಿವಿ6 ದಾರಿಯನ್ನೇ ಮೊದಲು ಹಿಡಿಯುತ್ತಾರೆ. ಸಿಎಎ ರೆಕಾರ್ಡ್ ಇದ್ದರೆ ಅದು ಯಾವ ಸಂಸ್ಥೆಗೆ ಸರ್ಟಿಫಿಕೇಟ್ ಕೊಡಲು ಒಪ್ಪಿದೆ ಎಂದು ನೋಡು. ಸರ್ಟಿಫಿಕೇಟಿನಲ್ಲಿ ಬರಿಯ ಹೆಸರೂ ಡಬ್ಲ್ಯು ಇರುವ ಹೆಸರೂ ಎರಡೂ ಇರಬೇಕು.

ಸಂಘದವರು ಕನ್ನಡದಲ್ಲೇ ಹೆಸರು ಬೇಕು ಎಂದರೆ ಬೇಡ ಅನ್ನಬೇಡ. ಡಾಟ್ ಭಾರತ ಕನ್ನಡ ಲಿಪಿಯಲ್ಲೂ ಇದೆ, ನನಗೆ ಅದರ ಬಗ್ಗೆ ಬಹಳ ಅಭಿಮಾನ. ಅದಕ್ಕೂ ಇದೇ ನಿಯಮಗಳು. ಒಳಗೆ ಮಾತ್ರ ಅದು ಎಕ್ಸ್, ಎನ್, ಎರಡು ಅಡ್ಡಗೆರೆಯಿಂದ ಶುರುವಾಗುವ ರೋಮನ್ ಅಕ್ಷರಗಳ ಸಾಲಾಗಿ ಕೂರುತ್ತದೆ. ಕ್ಲೌಡ್ ಪ್ಯಾನೆಲ್ ಕನ್ನಡ ಅಕ್ಷರ ತೆಗೆದುಕೊಳ್ಳದಿದ್ದರೆ ಆ ರೂಪವನ್ನು ಕೊಡು, ತೆಗೆದುಕೊಳ್ಳುತ್ತದೆ.

ಹಳೆಯ ಹೋಸ್ಟಿಂಗನ್ನು ಕೂಡಲೇ ನಿಲ್ಲಿಸಬೇಡ, ಹಳೆಯ ಮೇಲ್‌ಗಳೆಲ್ಲ ಅಲ್ಲಿವೆ. ಮುಂದೆ ಎಂದಾದರೂ ಕ್ಲೌಡ್‌ನ ಯಾವುದಾದರೂ ಭಾಗವನ್ನು ಬಿಟ್ಟುಕೊಡುವಾಗ ಮೊದಲು ಡಿಎನ್‌ಎಸ್ ಸಾಲು ಅಳಿಸು, ಆಮೇಲೆ ಜಾಗ ಬಿಡು. ಜಾಗ ಬಿಟ್ಟು ಸಾಲು ಉಳಿಸಿದರೆ ಅದೇ ಜಾಗವನ್ನು ಇನ್ನೊಬ್ಬರು ಹಿಡಿದು, ಸಂಘದ ಹೆಸರಿನಲ್ಲೇ ಬೆಳೆಗಾರರ ಪಾಸ್‌ವರ್ಡ್ ಕೇಳಬಹುದು. ರೂಟ್ 53ರಲ್ಲಿ ವಲಯವನ್ನು ಅಳಿಸಿ ಮತ್ತೆ ಹುಟ್ಟಿಸಿದರೆ ನಾಲ್ಕು ನೇಮ್‌ಸರ್ವರ್‌ಗಳೂ ಬೇರೆ ಬರುತ್ತವೆ ಎಂಬುದೂ ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಆ ಹೆಸರು ಯಾರ ಹೆಸರಿನಲ್ಲಿದೆ? ಸಣ್ಣ ಸಂಸ್ಥೆಗಳ ಹೆಸರುಗಳು ಯಾವಾಗಲೋ ಸೈಟು ಮಾಡಿಕೊಟ್ಟ ಹುಡುಗನ ಖಾತೆಯಲ್ಲಿ ಇರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವನು ಬೇರೆ ಊರಿಗೆ ಹೋಗಿರುತ್ತಾನೆ, ಕಾರ್ಡಿನ ಅವಧಿ ಮುಗಿದಿರುತ್ತದೆ, ನವೀಕರಣದ ಎಚ್ಚರಿಕೆ ಯಾರೂ ನೋಡದ ಮೇಲ್‌ಗೆ ಹೋಗಿರುತ್ತದೆ. ನಿನ್ನ ಹೆಸರಿನಲ್ಲೂ ಇಟ್ಟುಕೊಳ್ಳಬೇಡ. ಸಂಘದ ಹೆಸರಿನಲ್ಲಿ ಖಾತೆ ತೆರೆಸು, ಕಾರ್ಯದರ್ಶಿ ಮತ್ತು ಅಧ್ಯಕ್ಷರಿಬ್ಬರಿಗೂ ಒಳಹೋಗುವ ದಾರಿ ಇರಲಿ, ಎರಡು ಹಂತದ ಪರಿಶೀಲನೆ ಹಾಕು. ಆ ಖಾತೆಗೆ ಕೊಡುವ ಮೇಲ್ ವಿಳಾಸ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಕೆಟ್ಟ ದಿನ ಪಾಸ್‌ವರ್ಡ್ ಬದಲಾಯಿಸುವ ಕೊಂಡಿ ಆ ಮೇಲ್‌ಗೇ ಬರಬೇಕು, ಮೇಲ್ ಡೊಮೇನಿನ ಮೇಲೆಯೇ ನಿಂತಿದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿನಿಂದ ಮರೆಯಾದಾಗ ಅವರ ನೇಮ್‌ಸರ್ವರ್‌ಗಳು ಯಾರಿಗೂ ಸಿಗುತ್ತಿರಲಿಲ್ಲ. ಸರಿಪಡಿಸಲು ಬಳಸಬೇಕಿದ್ದ ಅವರ ಒಳಗಿನ ಸಾಧನಗಳೂ ಅದೇ ಹೆಸರುಗಳನ್ನು ನಂಬಿದ್ದರಿಂದ ಕೆಲಸ ಮಾಡಲಿಲ್ಲ. ಅಷ್ಟು ಎಂಜಿನಿಯರುಗಳಿರುವಲ್ಲಿ ಹೀಗಾದರೆ, ಒಬ್ಬ ಗುಮಾಸ್ತ ಇರುವ ಸಂಘದಲ್ಲಿ ನಾವು ಎಷ್ಟು ಮುಂದಾಲೋಚನೆ ಮಾಡಬೇಕು ನೀನೇ ಯೋಚಿಸು.

ದಿನ ಗೊತ್ತುಮಾಡುವಾಗ ಅಡಿಕೆ ಹರಾಜಿನ ದಿನ ಬೇಡ, ಮಾರ್ಚ್ ಕೊನೆಯ ವಾರ ಬೇಡ, ಸಹಾಯಕ್ಕೆ ಯಾರೂ ಸಿಗದ ಶನಿವಾರದ ಸಂಜೆಯೂ ಬೇಡ. ವಾರದ ನಡುವೆ, ಬೆಳಿಗ್ಗೆ ಶುರುಮಾಡು. ಹಳೆಯ ಹೋಸ್ಟಿಂಗ್‌ನಿಂದ ತೆಗೆದ ಆ ಸಾಲುಗಳ ಪಟ್ಟಿಯನ್ನು, ಪ್ರತಿ ಸಾಲಿನ ಮುಂದೆ ಯಾರಿಗಾಗಿ ಎಂದು ಬರೆದು, ಮುದ್ರಿಸಿ ಸಂಘದ ಕಡತದಲ್ಲಿ ಒಂದು ಪ್ರತಿ ಇಡು. ನನಗೂ ಒಂದು ಪ್ರತಿ ಕಳಿಸು, ನಾನು ನೋಡಿ ಹೇಳುವವರೆಗೆ ನೇಮ್‌ಸರ್ವರ್ ಮುಟ್ಟಬೇಡ.

ನಿನ್ನ ದೊಡ್ಡಪ್ಪ